ಆನ್‌ಲೈನ್ ಕ್ವಿಜ್: ತಪ್ಪು ಮಕ್ಕಳದ್ದೋ, ಮಾಸ್ತರದ್ದೋ?

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನದಿಗಳ ಪಾಠ ಮುಗಿಸಿ, ತರಗತಿಯ ವಾಟ್ಸಾಪ್ ಗ್ರೂಪಿಗೆ ಹತ್ತು ಪ್ರಶ್ನೆಗಳ ಆನ್‌ಲೈನ್ ಕ್ವಿಜ್ ಕಳಿಸಿದ್ದೆ. ಅದರಲ್ಲೊಂದು ಪ್ರಶ್ನೆ: ನಿಪ್ಪಾಣಿ ಭಾಗದಲ್ಲಿ ಹರಿದು ದೂಧಗಂಗಾ ನದಿಯನ್ನು ಸೇರುವ ನದಿ ಯಾವುದು? ಪ್ರತಿ ಮಳೆಗಾಲದಲ್ಲೂ ಸೇತುವೆ ಮುಳುಗಿದ ಸುದ್ದಿ ಕೇಳುತ್ತ ಬೆಳೆದ ನಮ್ಮ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭ. ಆದರೆ ರಾತ್ರಿ ಫಲಿತಾಂಶ ತೆಗೆದು ನೋಡಿದರೆ, ಆ ಪ್ರಶ್ನೆಗೆ ಇಡೀ ತರಗತಿಗೇ ಸೊನ್ನೆ!

ಸಿಟ್ಟು ಬಂತು. ಮರುದಿನ ಒಂದು ಪೀರಿಯಡ್ ಪೂರ್ತಿ ಅದೇ ಪಾಠ ಮತ್ತೆ ಮಾಡಿದೆ. ಕೊನೆಗೆ ಒಬ್ಬ ಹುಡುಗಿ ಅಂಜುತ್ತಲೇ ಎದ್ದು ನಿಂತಳು. “ಸರ್, ನಾ ವೇದಗಂಗಾ ಅಂತನ ಬರದೀನ್ರಿ. ತಪ್ಪು ಅಂತ ತೋರ್ಸಿ, ಅದರ ಕೆಳಗ ಸರಿ ಉತ್ತರ ವೇದಗಂಗಾ ಅಂತ ತೋರ್ಸೈತ್ರಿ.”

ಅವಳು ಹೇಳಿದ್ದು ನಿಜ. ಕೀ ಉತ್ತರ ಟೈಪ್ ಮಾಡುವಾಗ ನಾನು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಯೂನಿಕೋಡ್‌ನಲ್ಲಿ ಅವೆರಡಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. ಹಾಗಾಗಿ ಕಂಪ್ಯೂಟರ್ ಲೆಕ್ಕದಲ್ಲಿ ಅವು ಬೇರೆಯೇ ಪದಗಳು. ಸರಿಯಾಗಿ ಬರೆದವರಿಗೆಲ್ಲ ತಪ್ಪು ಬಿದ್ದಿತ್ತು.

ಅಂಕ ಕೊಡುವವರು ಯಾರು?

‘ತಾನಾಗಿಯೇ ಅಂಕ ಕೊಡುವ ಕ್ವಿಜ್’ ಎಂಬ ಮಾತೇ ದಾರಿ ತಪ್ಪಿಸುವಂಥದ್ದು. ಕಂಪ್ಯೂಟರ್ ಉತ್ತರವನ್ನು ಓದಿ ಅರ್ಥ ಮಾಡಿಕೊಳ್ಳುವುದಿಲ್ಲ. ನಾವು ಕೊಟ್ಟ ಕೀ ಉತ್ತರದ ಜೊತೆ ಹೋಲಿಸಿ ನೋಡುತ್ತದೆ, ಅಷ್ಟೇ. ಅಂದರೆ ಮೌಲ್ಯಮಾಪನ ನಡೆಯುವುದು ಮಗು ಉತ್ತರಿಸಿದ ಮೇಲಲ್ಲ, ನಾವು ಕೀ ಉತ್ತರ ಬರೆಯುವ ಹೊತ್ತಿಗೇ ಅದು ಮುಗಿದಿರುತ್ತದೆ.

ಬಹು ಆಯ್ಕೆ ಪ್ರಶ್ನೆಗಳಲ್ಲಿ ಈ ತೊಂದರೆ ಕಡಿಮೆ. ಕೊರೋನಾ ಕಾಲದ 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ನೆನಪಿರಬಹುದು. ಜುಲೈ 19 ಮತ್ತು 22, ಎರಡೇ ದಿನದಲ್ಲಿ ಆರು ವಿಷಯ, ತಲಾ 40 ಬಹು ಆಯ್ಕೆ ಪ್ರಶ್ನೆ, ಒಎಂಆರ್ ಹಾಳೆ. ಅಲ್ಲಿ ಕಾಗುಣಿತದ ತಕರಾರಿಲ್ಲ. ಆದರೆ ನಾಲ್ಕು ಆಯ್ಕೆಗಳ 40 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ 10 ಸರಿಯಾಗುತ್ತವೆ. ಮಗುವಿಗೆ ಗೊತ್ತಿತ್ತೋ, ಅದೃಷ್ಟವಿತ್ತೋ ಎಂದು ಯಂತ್ರ ಹೇಳಲಾರದು.

ಒಂದು ಪದದ ಉತ್ತರ ಬರೆಸಿದರೆ ಊಹೆಯ ಸಮಸ್ಯೆ ತಪ್ಪುತ್ತದೆ, ಕಾಗುಣಿತದ ಸಮಸ್ಯೆ ಶುರುವಾಗುತ್ತದೆ. ನಮ್ಮ ಗಡಿಭಾಗದಲ್ಲಂತೂ ಇದು ದೊಡ್ಡದು. ನಿಪ್ಪಾಣಿ, ಕಾಗವಾಡ, ಅಥಣಿ ಕಡೆ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳು ಇದ್ದಾರೆ. ಒಬ್ಬ ‘ದೂಧಗಂಗಾ’ ಅಂತಾನೆ, ಇನ್ನೊಬ್ಬ ‘ದೂದಗಂಗಾ’, ಮತ್ತೊಬ್ಬಳು ‘ದೂಧಗಂಗೆ’. ರಾಯಬಾಗದ ಹುಡುಗ ಜೋಳವನ್ನು ‘ಜ್ವಾಳ’ ಅಂತ ಬರೆದರೆ ಅಚ್ಚರಿಯಿಲ್ಲ, ಯಾಕಂದ್ರೆ ಅವನ ಮನೆಯಲ್ಲಿ ಅದು ಜ್ವಾಳವೇ. ಕೀ ಉತ್ತರದಲ್ಲಿ 5 ಇದ್ದು, ಮಗು ‘ಐದು’ ಎಂದು ಬರೆದರೂ ಅದೇ ಕಥೆ. ಕೆಂಪು ಪೆನ್ನು ಹಿಡಿದ ಮಾಸ್ತರ ಇವನ್ನೆಲ್ಲ ಓದಿ, ಒಳಗೇ ನಕ್ಕು, ಅಂಕ ಹಾಕುತ್ತಿದ್ದ. ಕನ್ನಡ ವಿಷಯದ ಪರೀಕ್ಷೆಯಲ್ಲಿ ಕಾಗುಣಿತ ನೋಡಲೇಬೇಕು. ನದಿಯ ಪಾಠದಲ್ಲಿ ನೋಡಬೇಕಾದದ್ದು ನದಿ ಗೊತ್ತಿದೆಯೇ ಎಂಬುದನ್ನು.

ಏನು ಮಾಡಬಹುದು?

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಗೂಗಲ್ ಫಾರ್ಮ್ಸ್‌ನಲ್ಲೇ ಇದಕ್ಕೆ ದಾರಿಗಳಿವೆ. ಒಂದು ಪ್ರಶ್ನೆಗೆ ಹಲವು ಕೀ ಉತ್ತರ ಸೇರಿಸಬಹುದು. ‘ಉಳಿದ ಎಲ್ಲ ಉತ್ತರ ತಪ್ಪು’ ಎಂಬ ಗುರುತನ್ನು ಹಾಕದೆ ಬಿಟ್ಟರೆ, ಕೀ ಉತ್ತರಕ್ಕೆ ಹೊಂದದವು ನಾವೇ ನೋಡುವ ತನಕ ಕಾಯುತ್ತವೆ. ಅಂಕಗಳನ್ನು ಕೂಡಲೇ ತೋರಿಸದೆ, ನಾವು ಪರಿಶೀಲಿಸಿದ ಮೇಲೆ ಬಿಡುಗಡೆ ಮಾಡುವ ಆಯ್ಕೆಯೂ ಇದೆ. ಪ್ರಶ್ನೆವಾರು ನೋಡಿದರೆ ಒಂದೇ ಥರದ ಉತ್ತರಗಳು ಒಟ್ಟಿಗೆ ಸಿಗುತ್ತವೆ. ‘ದೂದಗಂಗಾ’ ಬರೆದವರಿಗೆಲ್ಲ ಒಮ್ಮೆಲೇ ಸರಿ ಹಾಕಬಹುದು. ಹತ್ತು ನಿಮಿಷದ ಕೆಲಸ. ಇನ್ನೊಂದು ಮಾತು: ಒಂದು ಪ್ರಶ್ನೆಗೆ ಇಡೀ ತರಗತಿ ತಪ್ಪಿದ್ದರೆ, ಮಕ್ಕಳಿಗಿಂತ ಮೊದಲು ಕೀ ಉತ್ತರವನ್ನು ಅನುಮಾನಿಸಿ.

ಅಷ್ಟೆಲ್ಲ ಯಾಕೆ ಅಂದರೆ, ಈ ಅಂಕ ಪರದೆ ಮೇಲೆಯೇ ಉಳಿಯುವುದಿಲ್ಲ. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ 100ಕ್ಕೆ 20 ಆಂತರಿಕ ಅಂಕ. ಕ್ವಿಜ್ ಕೊಟ್ಟ ಸಂಖ್ಯೆಯನ್ನು ಹಾಗೇ ವಹಿಗೆ ಇಳಿಸಿಬಿಟ್ಟರೆ, ನನ್ನ ಒಂದು ಟೈಪಿಂಗ್ ತಪ್ಪು ಮಗುವಿನ ದಾಖಲೆಯಾಗುತ್ತದೆ. ಜೊತೆಗೆ, ಮನೆಗೊಂದೇ ಫೋನ್ ಇರುವಲ್ಲಿ ಉತ್ತರ ಬರೆದದ್ದು ಮಗುವೋ, ಅಣ್ಣನೋ ಗೊತ್ತಾಗುವುದಿಲ್ಲ. ಆದ್ದರಿಂದ ನಾನೀಗ ಕ್ವಿಜ್ ನೋಡುವುದು ಯಾವ ಪಾಠ ಮತ್ತೆ ಮಾಡಬೇಕು ಎಂದು ತಿಳಿಯಲಿಕ್ಕೆ. ವಹಿಯ ಅಂಕಕ್ಕೆ ಮಗುವಿನ ಬರಹ ಮತ್ತು ಮಾತು ಬೇಕು.

ನನ್ನನ್ನು ಇವತ್ತಿಗೂ ಕಾಡುವುದು ಆ ತಪ್ಪಲ್ಲ, ಉಳಿದವರ ಮೌನ. ಉತ್ತರ ಪತ್ರಿಕೆ ಕೊಟ್ಟ ದಿನ ಇದೇ ಮಕ್ಕಳು “ಸರ್, ಇದಕ್ಕ ಮಾರ್ಕ್ಸ್ ಕೊಟ್ಟಿಲ್ರಿ” ಅಂತ ಮೇಜಿಗೆ ಮುತ್ತುತ್ತಾರೆ. ಅವತ್ತು ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದರೆ, ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ: “ಕಂಪ್ಯೂಟರ್ ತಪ್ಪತೈತೇನ್ರಿ ಸರ್?”

ಈಗ ನನ್ನ ಪ್ರತಿ ಕ್ವಿಜ್‌ನ ಕೊನೆಗೆ ಒಂದು ಸಾಲು ಇರುತ್ತದೆ: ನಿಮ್ಮ ಉತ್ತರ ಸರಿ ಅನಿಸಿದರೆ ನನ್ನ ಹತ್ತಿರ ಬಂದು ಜಗಳ ಮಾಡಿ.