ತಂತಿ ಕಡಿದಲ್ಲಿ ಮೂಡುವ ಬೆಳಕು

ಕಂಪ್ಯೂಟರ್ ಚಿಪ್ ತಯಾರಕರಿಗೆ ಹಳೆಯ ತಲೆನೋವೊಂದಿದೆ. ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಲೋಹದ ತಂತಿಯಲ್ಲಿ ವಿದ್ಯುತ್ ರಭಸದಿಂದ ಹರಿದಾಗ, ಎಲೆಕ್ಟ್ರಾನುಗಳ ಹೊಡೆತಕ್ಕೆ ಸಿಕ್ಕ ಲೋಹದ ಪರಮಾಣುಗಳು ತಮ್ಮ ಸ್ಥಾನದಿಂದ ಕದಲುತ್ತವೆ. ಕದಲುತ್ತ ಕದಲುತ್ತ ಕೊನೆಗೊಮ್ಮೆ ತಂತಿಯೇ ಕಡಿಯುತ್ತದೆ. ‘ಎಲೆಕ್ಟ್ರೋಮೈಗ್ರೇಶನ್’ ಎಂಬ ಈ ಕೇಡನ್ನೇ ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ತಾಂತ್ರಿಕ ಸಂಸ್ಥೆಯ ರಾಬರ್ಟ್ ಡಿಕ್ಸನ್ ಮತ್ತು ಸಂಗಡಿಗರು ಸಾಧನವಾಗಿಸಿಕೊಂಡರು. ಚಿನ್ನದ ತಂತಿಯನ್ನು ಬೇಕೆಂದೇ ವಿದ್ಯುತ್ತಿನಿಂದ ಕಡಿದಾಗ, ಆ ಬಿರುಕಿನಲ್ಲಿ ಉಂಟಾದ 18ರಿಂದ 22 ಪರಮಾಣುಗಳ ಗುಚ್ಛಗಳು ಕೋಣೆಯ ಉಷ್ಣಾಂಶದಲ್ಲಿಯೇ ಬೆಳಕು ಸೂಸಿದುದನ್ನು ಅವರು 2004ರಲ್ಲಿ ವರದಿ ಮಾಡಿದರು.

ಲೋಹ ಬೆಳಕನ್ನು ಪ್ರತಿಫಲಿಸುವುದು ಸರಿ, ತಾನೇ ಬೆಳಗುವುದೆಂತು? ಬಲ್ಬಿನ ಟಂಗ್‌ಸ್ಟನ್ ತಂತಿ ಬೆಳಗುವುದು ಕಾಯುವುದರಿಂದ. ಇಲ್ಲಿನ ಬಗೆಯೇ ಬೇರೆ. ಲೋಹದ ಗಟ್ಟಿಯಲ್ಲಿ ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಒಂದಕ್ಕೊಂದು ಅಂಟಿಕೊಂಡು ಇಳಿಜಾರಿನಂತಿರುತ್ತವೆ. ಮೇಲೇರಿದ ಎಲೆಕ್ಟ್ರಾನು ಜಾರುತ್ತ ಬಂದು ಶಕ್ತಿಯನ್ನೆಲ್ಲ ಶಾಖವಾಗಿ ಕಳೆದುಕೊಳ್ಳುತ್ತದೆ. ಅದೇ ಲೋಹ ಕೆಲವೇ ಪರಮಾಣುಗಳಿಗೆ ಕುಗ್ಗಿದರೆ ಇಳಿಜಾರು ಹೋಗಿ ಮೆಟ್ಟಿಲುಗಳಾಗುತ್ತವೆ. ಮೇಲಿನ ಮೆಟ್ಟಿಲಿನಿಂದ ಧುಮುಕುವ ಎಲೆಕ್ಟ್ರಾನು ಆ ಅಂತರದ ಶಕ್ತಿಯನ್ನು ಫೋಟಾನಿನ ರೂಪದಲ್ಲಿ, ಅಂದರೆ ಬೆಳಕಿನ ಕಣವಾಗಿ, ಹೊರಚೆಲ್ಲಬಲ್ಲದು. ಚಿನ್ನದ ಗುಚ್ಛದಲ್ಲಿ ಪರಮಾಣುಗಳು ಕಡಿಮೆಯಾದಷ್ಟೂ ಮೆಟ್ಟಿಲು ಎತ್ತರವಾಗಿ, ಬೆಳಕು ಕೆಂಪಿನಿಂದ ನೀಲಿಯತ್ತ ಸರಿಯುತ್ತದೆ. ಬಣ್ಣ ನಿರ್ಧರಿಸುವುದು ಪರಮಾಣುಗಳ ಎಣಿಕೆ!

ಇದಕ್ಕೂ ಮುನ್ನ, 2002ರಲ್ಲಿ ಇದೇ ತಂಡ ಬೆಳ್ಳಿಯ ಮೇಲೆ ಪ್ರಯೋಗ ನಡೆಸಿತ್ತು. ಸ್ವತಃ ಬೆಳಗದ ಸಿಲ್ವರ್ ಆಕ್ಸೈಡಿನ ತೆಳುಪದರದಲ್ಲಿ ವಿದ್ಯುತ್ ಹಾಯಿಸಿ, 2ರಿಂದ 8 ಪರಮಾಣುಗಳ ಬೆಳ್ಳಿ ಗುಚ್ಛಗಳನ್ನು ಮೂಡಿಸಲಾಯಿತು. ನೇರ ವಿದ್ಯುತ್ತಿಗೆ (ಡಿಸಿ) ಅವು ಮಂಕಾಗಿ ಮಿನುಗಿದವು. ನಿರ್ದಿಷ್ಟ ಆವರ್ತನದ ಪರ್ಯಾಯ ವಿದ್ಯುತ್ (ಎಸಿ) ಕೊಟ್ಟಾಗ ಒಂದೊಂದು ಗುಚ್ಛದ ಬೆಳಕು 10,000 ಪಟ್ಟಿಗೂ ಮಿಗಿಲಾಯಿತು. ವಿದ್ಯುತ್ ಕ್ಷೇತ್ರ ಒಂದು ದಿಕ್ಕಿಗೆ ವಾಲಿದಾಗ ಗುಚ್ಛದಿಂದ ಎಲೆಕ್ಟ್ರಾನು ಹೊರಬೀಳುತ್ತದೆ. ದಿಕ್ಕು ಬದಲಾದೊಡನೆ ಅದು ಮರಳಿ, ತಾನು ತೆರವು ಮಾಡಿದ ಜಾಗ ಸೇರುವಾಗ ಬೆಳಕು ಹೊಮ್ಮುತ್ತದೆ. ಉಯ್ಯಾಲೆಯನ್ನು ಸಮಯವರಿತು ತಳ್ಳಿದಂತೆ. ತಾಮ್ರದ ಗುಚ್ಛಗಳೂ ಹೀಗೆಯೇ ಬೆಳಗಿದವು.

ಇಷ್ಟು ಕಿರಿದಾದ ದೀಪದ ಉಪಯೋಗವೇನು? ಚಿಪ್‌ನ ಒಳಗೆ ತಂತಿಯ ಬದಲು ಬೆಳಕಿನಿಂದ ಸಂಕೇತ ಸಾಗಿಸಬಹುದೆಂಬುದು ಒಂದು ಆಸೆ. ಕದ್ದಾಲಿಸಲಾಗದ ಸಂದೇಶ ರವಾನೆಗೆ ಬೇಕಾದ, ಒಂದು ಬಾರಿಗೆ ಒಂದೇ ಫೋಟಾನು ನೀಡುವ ಆಕರ ದೊರೆಯಬಹುದೆಂಬುದು ಇನ್ನೊಂದು. ಅಂತಹ ಹಲವು ಆಕರಗಳಿಗೆ ಕಡುಶೀತ ಬೇಕಾಗುವುದರಿಂದ ಕೋಣೆಯ ಉಷ್ಣಾಂಶದಲ್ಲಿ ಬೆಳಗುವ ಗುಚ್ಛಕ್ಕೆ ಹೆಚ್ಚು ಬೆಲೆ. ಆದರೆ ಈ ದೀಪಗಳು ಸ್ಥಿರವಾಗಿ ಉರಿಯವು, ಕಣ್ಣು ಮಿಟುಕಿಸುತ್ತವೆ. ತಂತಿ ಎಲ್ಲಿ ಕಡಿಯಬೇಕು, ಬಿರುಕಿನಲ್ಲಿ ಎಷ್ಟು ಪರಮಾಣು ಉಳಿಯಬೇಕು ಎಂಬುದನ್ನು ಪ್ರತಿ ಬಾರಿಯೂ ಒಂದೇ ತೆರನಾಗಿ ಹಿಡಿತದಲ್ಲಿಡುವುದೂ ಸುಲಭವಲ್ಲ.