ಕಂಪವಾತದ ಸಾಧನ ಮತ್ತು ಅದರ ಮಾರುಕಟ್ಟೆ

ಸಂತೆಯಲ್ಲಿ ಕೊಳ್ಳುವವನಿಗೆ ಮೂರು ಸ್ವಾತಂತ್ರ್ಯಗಳುಂಟು: ವಸ್ತುವನ್ನು ತಾನೇ ಆರಿಸಬಹುದು, ಬೆಲೆಯಲ್ಲಿ ಚೌಕಾಸಿ ಮಾಡಬಹುದು, ಒಪ್ಪಿಗೆಯಾಗದಿದ್ದರೆ ಮುಂದಿನ ಅಂಗಡಿಗೆ ನಡೆಯಬಹುದು. ಈ ಮೂರೂ ಬಹುಮಟ್ಟಿಗೆ ಇಲ್ಲದ ಮಾರುಕಟ್ಟೆಯೊಂದಿದೆ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಅಳವಡಿಸುವ ವಿದ್ಯುತ್ ಸಾಧನಗಳ ಮಾರುಕಟ್ಟೆ ಅದು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ರೋಗವನ್ನು ನಮ್ಮಲ್ಲಿ ಕಂಪವಾತವೆನ್ನುವುದು ರೂಢಿ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸುವ ಜೀವಕೋಶಗಳು ನಶಿಸುತ್ತ ಹೋದಂತೆ ಕೈ ನಡುಗುತ್ತದೆ, ಚಲನೆ ಕುಂಠಿತವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಲೆವೊಡೋಪ ಇದರ ಮುಖ್ಯ ಔಷಧ. ವರ್ಷಗಳು ಕಳೆದಂತೆ ಅದರ ಪರಿಣಾಮದಲ್ಲಿ ಏರಿಳಿತಗಳುಂಟಾಗುತ್ತವೆ. ಆಗ ಆಯ್ದ ರೋಗಿಗಳಿಗೆ ‘ಡೀಪ್ ಬ್ರೇನ್ ಸ್ಟಿಮ್ಯುಲೇಷನ್’, ಅಂದರೆ ಮಿದುಳಿನ ಆಳದ ಪ್ರಚೋದನೆ, ನೆರವಾಗುತ್ತದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಅಲಿಂ ಲೂಯಿ ಬೆನಾಬಿಡ್ ಅವರು ಇದರ ಆಧುನಿಕ ರೂಪಕ್ಕೆ ನಾಂದಿ ಹಾಡಿದರು. ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ ಇರಿಸಿದ ಬ್ಯಾಟರಿಯುಳ್ಳ ಸಾಧನದಿಂದ ಸಣ್ಣ ತಂತಿಗಳ ಮೂಲಕ ಮಿದುಳಿನ ನಿಯತ ಕೇಂದ್ರಕ್ಕೆ ವಿದ್ಯುತ್ ಮಿಡಿತಗಳು ಹರಿಯುತ್ತವೆ. ಇದರಿಂದ ರೋಗ ಗುಣವಾಗುವುದಿಲ್ಲ. ಅದರ ಲಕ್ಷಣಗಳು ಹತೋಟಿಗೆ ಬರುತ್ತವೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ನಡುಕದ ಚಿಕಿತ್ಸೆಗೆ 1997ರಲ್ಲಿಯೂ, ಪಾರ್ಕಿನ್ಸನ್ನಿನ ಇತರ ಲಕ್ಷಣಗಳಿಗೆ 2002ರಲ್ಲಿಯೂ ಇದಕ್ಕೆ ಅನುಮತಿಯಿತ್ತಿತು. ಅಲ್ಲಿ ಬಹುಕಾಲ ಮೆಡ್‌ಟ್ರಾನಿಕ್ ಕಂಪನಿಯೊಂದೇ ಮಾರಾಟಗಾರನಾಗಿತ್ತು. 2015ರಲ್ಲಿ ಸೇಂಟ್ ಜೂಡ್ (ಈಗ ಅಬಾಟ್ ಕಂಪನಿಯ ಭಾಗ), 2017ರಲ್ಲಿ ಬಾಸ್ಟನ್ ಸೈಂಟಿಫಿಕ್ ಅನುಮತಿ ಪಡೆದವು. ಮಿದುಳಿನೊಳಗೆ ಇಡುವ ವಸ್ತುವಿಗೆ ದೀರ್ಘ ಪರೀಕ್ಷೆ ಅನಿವಾರ್ಯ. ಅದರ ವೆಚ್ಚವನ್ನು ತಾಳುವ ಕಂಪನಿಗಳು ವಿರಳ. ಮಾರುವವರು ವಿರಳವಾದಲ್ಲಿ ಬೆಲೆ ಇಳಿಯುವುದು ಕಷ್ಟ.

‘ಗ್ರಾಹಕ’ ಎಂದರೆ ಸ್ವೀಕರಿಸುವವನು. ಇಲ್ಲಿ ಆ ಪದವೇ ಒಡೆದುಹೋಗುತ್ತದೆ. ಆರಿಸುವವರು ವೈದ್ಯರು, ತರಿಸುವುದು ಆಸ್ಪತ್ರೆ, ಹಣ ತೆರುವುದು ಎಷ್ಟೋ ವೇಳೆ ಕುಟುಂಬ, ಸ್ವೀಕರಿಸುವುದು ರೋಗಿಯ ದೇಹ. ವ್ಯವಹಾರ ಅಲ್ಲಿಗೇ ಮುಗಿಯುವುದಿಲ್ಲ. ಮರುಪೂರಣವಿಲ್ಲದ ಬ್ಯಾಟರಿಯು ಸಾಮಾನ್ಯವಾಗಿ 3ರಿಂದ 5 ವರ್ಷಗಳಲ್ಲಿ ಬರಿದಾಗುತ್ತದೆ. ಮತ್ತೆ ಶಸ್ತ್ರಚಿಕಿತ್ಸೆ, ಮತ್ತೆ ಖರ್ಚು. ಮರುಪೂರಣ ಮಾಡಬಹುದಾದದ್ದು ಸುಮಾರು 15 ವರ್ಷ ಬಾಳಿದರೂ ಆರಂಭದ ಬೆಲೆ ಹೆಚ್ಚು. ಸಾಧನದ ಮಿಡಿತಗಳನ್ನು ಹೊಂದಿಸುವ ಉಪಕರಣವೂ ಆಯಾ ಕಂಪನಿಯದೇ ಆಗಿರಬೇಕು. ಆದ್ದರಿಂದ ಒಮ್ಮೆ ಕೊಂಡವನು ಬಹುಕಾಲ ಅದೇ ಅಂಗಡಿಯ ಋಣಿ.

ಈ ಕಟ್ಟನ್ನು ಸಡಿಲಿಸುವ ದಾರಿಯೊಂದು ಸ್ವದೇಶಿ ತಯಾರಿಕೆ. ಚೀನಾದ ಚಿಂಗ್‌ಹುವಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಅಲ್ಲಿನದೇ ಸಾಧನ ರೂಪುಗೊಂಡು ಆಮದಿಗೆ ಪೈಪೋಟಿಯೊಡ್ಡಿತು. ಬೇರೊಂದು ಅಂಗದ ವಿಷಯದಲ್ಲಿ ನಮ್ಮ ಕೇರಳವೂ ಇದನ್ನು ಸಾಧಿಸಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪುಗೊಂಡ ಹೃದಯದ ಕೃತಕ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಆಮದಾದ ಕವಾಟಗಳಿಗಿಂತ ಅದು ಅಗ್ಗವಾಗಿ ಸಾವಿರಾರು ಜನರಿಗೆ ದೊರೆಯಿತು. ಹೃದಯಕ್ಕೆ ಸಾಧ್ಯವಾದದ್ದು ಮಿದುಳಿಗೂ ಸಾಧ್ಯವಾಗಬೇಕು.

ಅಲ್ಲಿಯವರೆಗೆ ರೋಗಿಯ ಮನೆಯವರು ಮೊದಲ ದಿನದ ಬೆಲೆಯನ್ನಷ್ಟೇ ಕೇಳಿ ಸುಮ್ಮನಾಗಬಾರದು. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಬದಲಿಸಲು ಎಷ್ಟು ಖರ್ಚಾಗುತ್ತದೆ, ಸಾಧನವನ್ನು ಹೊಂದಿಸುವ ತಜ್ಞರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನೂ ಕೇಳಿ ತಿಳಿಯಬೇಕು. ಹಿರಿಯರ ಪರವಾಗಿ ಈ ಪ್ರಶ್ನೆಗಳನ್ನು ಕೇಳುವ ಹೊಣೆ ಮನೆಯಲ್ಲಿ ಓದುಬರಹ ಬಲ್ಲ ಮಕ್ಕಳ ಮೇಲಿದೆ.