ಜಾನಪದ ದತ್ತಸಂಚಯ ಮತ್ತು ಹಂಚಿಕೆಯ ಲೈಬ್ರರಿಗಳ ಘರ್ಷಣೆ: ನಂದಗಡದ ಪಠ್ಯಗಳನ್ನು ಅನುಲಕ್ಷಿಸಿ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ನಂದಗಡವು 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸ್ಥಳ. ಕನ್ನಡ, ಮರಾಠಿಗಳೆರಡೂ ಬಳಕೆಯಲ್ಲಿರುವ ಈ ಪರಿಸರದ ಹಾಡು, ಕಥನ, ಸ್ಥಳಪುರಾಣಗಳನ್ನು ಒಂದೇ ದತ್ತಸಂಚಯದಲ್ಲಿ ಸಂಗ್ರಹಿಸಬೇಕಾದರೆ ಎರಡು ಲಿಪಿಗಳನ್ನೂ ಎರಡು ಅಕಾರಾದಿ ಕ್ರಮಗಳನ್ನೂ ನಿರ್ವಹಿಸಬೇಕಾಗುತ್ತದೆ. ಇದಕ್ಕಾಗಿ ಪೋಸ್ಟ್‌ಗ್ರೆಸ್‌ನಂತಹ ತಂತ್ರಾಂಶಕ್ಕೆ ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳ ವಿಸ್ತರಣೆಗಳನ್ನು ಜೋಡಿಸುವುದುಂಟು. ತೊಡಕು ಹುಟ್ಟುವುದು ಇಲ್ಲಿಯೇ.

ಪೈಥಾನ್, ಪರ್ಲ್ ಮೊದಲಾದವುಗಳ ವಿಸ್ತರಣೆಗಳು ಪ್ರತ್ಯೇಕವಾಗಿ ನಡೆಯದೆ ದತ್ತಸಂಚಯದ ಪ್ರಕ್ರಿಯೆಯೊಳಗೇ ಸೇರಿಕೊಳ್ಳುತ್ತವೆ. ಜತೆಗೆ ಅವು ಹಂಚಿಕೆಯ ಲೈಬ್ರರಿಗಳನ್ನು, ಅಂದರೆ ಹಲವು ತಂತ್ರಾಂಶಗಳು ಸಮಾನವಾಗಿ ಬಳಸುವ ಸಿದ್ಧ ಕಾರ್ಯಗಳ ಕಡತಗಳನ್ನು, ಕರೆತರುತ್ತವೆ. ಎರಡು ವಿಸ್ತರಣೆಗಳು ಒಂದೇ ಲೈಬ್ರರಿಯ ಎರಡು ಆವೃತ್ತಿಗಳನ್ನು ಬಯಸಿದಾಗ, ಮೊದಲು ಬಂದ ಆವೃತ್ತಿಯ ಕಾರ್ಯಗಳಿಗೇ ಎರಡನೆಯ ವಿಸ್ತರಣೆಯೂ ಅಂಟಿಕೊಳ್ಳಬಹುದು. ಹೆಸರು ಒಂದೇ, ಒಳರಚನೆ ಬೇರೆ. ಪರಿಣಾಮವಾಗಿ ಪ್ರಕ್ರಿಯೆ ಕುಸಿಯಬಹುದು. ಪೈಥಾನ್ 2 ಮತ್ತು 3ನ್ನು ಒಂದೇ ಸೆಷನ್‌ನಲ್ಲಿ ಬಳಸಲು ಪೋಸ್ಟ್‌ಗ್ರೆಸ್ ಅವಕಾಶ ಕೊಡದಿದ್ದುದು ಈ ಕಾರಣದಿಂದಲೇ. 2022ರ 15ನೆಯ ಆವೃತ್ತಿಯಲ್ಲಿ ಪೈಥಾನ್ 2ರ ಬೆಂಬಲವನ್ನೇ ಕೈಬಿಡಲಾಯಿತು. ಒಂದು ಪ್ರಕ್ರಿಯೆ ಹೀಗೆ ಕುಸಿದರೆ ಉಳಿದ ಬಳಕೆದಾರರ ಸಂಪರ್ಕಗಳೂ ಕಡಿಯುತ್ತವೆ. ಖಚಿತಗೊಂಡ ದಾಖಲೆಗಳು ಉಳಿದರೂ ಅರ್ಧದಲ್ಲಿದ್ದ ನಮೂದುಗಳು ಇಲ್ಲವಾಗುತ್ತವೆ.

ಕುಸಿತಕ್ಕಿಂತ ಅಪಾಯಕರವಾದುದು ಸದ್ದಿಲ್ಲದ ತಪ್ಪು. 2018ರಲ್ಲಿ ಬಂದ ಗ್ಲಿಬ್‌ಸಿ 2.28 ಲೈಬ್ರರಿಯು ಪಠ್ಯಗಳ ವಿಂಗಡಣಾ ಕ್ರಮವನ್ನು ವ್ಯಾಪಕವಾಗಿ ಬದಲಿಸಿತು. ಹಳೆಯ ಕ್ರಮದಲ್ಲಿ ಕಟ್ಟಿದ ಸೂಚಿಯನ್ನು ಹೊಸ ಕ್ರಮದಲ್ಲಿ ಹುಡುಕಿದರೆ, ದಾಖಲೆಯಿದ್ದೂ ಇಲ್ಲವೆಂಬ ಉತ್ತರ ಬರಬಹುದು. ರಾಯಣ್ಣನ ಲಾವಣಿಯೊಂದು ಹೀಗೆ ಮರೆಯಾದರೆ, ಅದು ಸಂಗ್ರಹವಾಗಿಯೇ ಇಲ್ಲವೆಂದು ಸಂಶೋಧಕರು ತೀರ್ಮಾನಿಸುವ ಸಾಧ್ಯತೆಯಿದೆ. ಹಾಡಿದವರು ಬದುಕಿಲ್ಲದಿದ್ದಲ್ಲಿ ಮರುಕ್ಷೇತ್ರಕಾರ್ಯದಿಂದಲೂ ಆ ಕೊರತೆಯನ್ನು ತುಂಬಲಾಗದು.

ಪರಿಹಾರದ ತತ್ವ ಜಾನಪದ ವಿದ್ವಾಂಸರಿಗೆ ಅಪರಿಚಿತವೇನಲ್ಲ. ಒಂದೇ ಹೆಸರಿನ ಹಾಡಿನ ಪಾಠಾಂತರಗಳನ್ನು ವಕ್ತೃ, ಊರು, ದಿನಾಂಕಗಳಿಂದ ಬೇರ್ಪಡಿಸುವಂತೆ, ಐಸಿಯು ಎಂಬ ಯೂನಿಕೋಡ್ ಲೈಬ್ರರಿಯು ತನ್ನ ಕಾರ್ಯಗಳ ಹೆಸರಿಗೆ ಆವೃತ್ತಿಯ ಸಂಖ್ಯೆಯನ್ನು ಸೇರಿಸುತ್ತದೆ. ಆದ್ದರಿಂದ ಅದರ ಎರಡು ಆವೃತ್ತಿಗಳು ಹೆಸರಿನ ಘರ್ಷಣೆಯಿಲ್ಲದೆ ಒಟ್ಟಿಗೆ ಇರಬಲ್ಲವು. ಇಂತಹ ವ್ಯವಸ್ಥೆಯಿಲ್ಲದೆಡೆ ಎಲ್ಲ ವಿಸ್ತರಣೆಗಳನ್ನೂ ಒಂದೇ ಆವೃತ್ತಿಗೆ ಹೊಂದಿಸಿ ಸಿದ್ಧಪಡಿಸುವುದು, ಇಲ್ಲವೆ ಭಾಷಾಸಂಸ್ಕರಣೆಯನ್ನು ದತ್ತಸಂಚಯದ ಹೊರಗಿನ ಪ್ರತ್ಯೇಕ ಪ್ರಕ್ರಿಯೆಗೆ ವಹಿಸುವುದು ಸೂಕ್ತ. ವಿಂಗಡಣೆಯ ಲೈಬ್ರರಿ ಬದಲಾದಾಗಲೆಲ್ಲ ಸೂಚಿಗಳನ್ನು ಮರುನಿರ್ಮಿಸಬೇಕು. ವಕ್ತೃವಿನ ವಿವರದಷ್ಟೇ ನಿಷ್ಠೆಯಿಂದ, ಬಳಸಿದ ತಂತ್ರಾಂಶ ಹಾಗೂ ಲೈಬ್ರರಿಗಳ ಆವೃತ್ತಿಯನ್ನೂ ಸಂಗ್ರಹದ ವಿವರಪಟ್ಟಿಯಲ್ಲಿ ನಮೂದಿಸುವುದು ಅಗತ್ಯ.